ನವಸಾಗರಕ್ಕೆ ಯಾವ ಮನೆ

ಕಳೆದ ವಾರ ನಮ್ಮ ಬೀದಿಯ ಮೂಲೆಯಲ್ಲಿ ಕಲಾಯಿ ಹಾಕುವವನೊಬ್ಬ ಬಂದು ಕೂತಿದ್ದ. ನ್ಯಾಮತಿಯಲ್ಲಿ ಈಗ ಕಲಾಯಿ ಯಾರಿಗೆ ಬೇಕು ಹೇಳಿ. ಮನೆಮನೆಗೂ ಸ್ಟೀಲು ಬಂದು ಕೂತಿದೆ. ಮದುವೆ ಅಡುಗೆಯ ನಾಲ್ಕು ದೊಡ್ಡ ಹಂಡೆಗಳಷ್ಟೇ ಉಳಿದಿರಬೇಕು. ನನಗೆ ಅವನು ಕಾಣುವ ಮೊದಲು ವಾಸನೆ ಸಿಕ್ಕಿತು. ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಉದುರಿಸಿದಾಗ ಏಳುತ್ತದಲ್ಲ, ಆ ಬಿಳಿ ಹೊಗೆಯದು. ನೀವು ಅದನ್ನು ಮೂಸಿರದಿದ್ದರೆ ನನಗೆ ವಿವರಿಸಲು ಬಾರದು. ಮೊದಲು ಮೂಗಿಗೆ ಚುಚ್ಚುತ್ತದೆ, ಆಮೇಲೆ ನಾಲಗೆಯ ಬುಡದಲ್ಲಿ ಉಪ್ಪಾಗಿ ಕೂರುತ್ತದೆ. ಕಣ್ಣಲ್ಲಿ ನೀರು ಬಂದರೆ ಹೊಗೆಗೆ ಬಂತು ಎಂದು ಯಾರಿಗಾದರೂ ಹೇಳಬಹುದು. ನಾನೂ ಹಾಗೆಯೇ ಹೇಳಿದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರು ತಮ್ಮ ಮನೆಯ ಹಿತ್ತಾಳೆ ಕೊಪ್ಪರಿಗೆ ಇಳಿಸಿಕೊಂಡು ಅಲ್ಲಿ ನಿಂತಿದ್ದರು. ಅವರನ್ನು ಹಿಡಿದುಕೊಂಡು ಕೇಳಿಯೇ ಬಿಟ್ಟೆ, ಈ ನವಸಾಗರ ಘನವೋ ಅನಿಲವೋ ಎಂದು. ಬಿಳಿ ಗಡ್ಡದ ಮುದುಕನೊಬ್ಬ ಬೀದಿಯಲ್ಲಿ ನಿಲ್ಲಿಸಿ ಹೀಗೆ ಕೇಳಿದರೆ ಯಾರಿಗಾದರೂ ನಗು ಬರಬೇಕು. ಅವರು ನಗದೆ ಬಹಳ ಹೊತ್ತು ವಿವರಿಸಿದರು. ನನಗೆ ಅರ್ಧ ತಿಳಿಯಿತು, ಅರ್ಧ ಹೊಗೆಯ ಜೊತೆ ಹೋಯಿತು. ಅವರು ಹೇಳಿದ್ದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಪ್ರಶ್ನೆ ಯಾರದು ಎಂದು ಹೇಳಬೇಕು. ಅದು ನನ್ನದಲ್ಲ.

ನನ್ನ ತಮ್ಮ ಬಶೀರನದು. ಅಬ್ಬಾ, ನಮ್ಮ ಅಪ್ಪ, ಕಲಾಯಿಗಾರರು. ನಾನು ಎರಡು ವರ್ಷ ಶಾಲೆಯಲ್ಲಿ ಕೂತು, ಆಮೇಲೆ ಅವರ ತಿದಿ ಒತ್ತಲು ಕೂತವನು. ಈ ಬರಹದಲ್ಲಿ ತಪ್ಪು ಕಂಡರೆ ಎರಡನೇ ಕ್ಲಾಸಿನ ಮೇಲೆ ಹಾಕಿಬಿಡಿ. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ಬಶೀರ ಮಾತ್ರ ಹೊನ್ನಾಳಿಯಲ್ಲಿ ನಮ್ಮ ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ. ಮನೆಯಲ್ಲಿ ನಾವು ಉರ್ದು ಆಡುವವರು. ಪುಸ್ತಕದ ವಿಷಯ ಬಂದರೆ ಮಾತ್ರ ಅವನು ಕನ್ನಡಕ್ಕೆ ಹೊರಳುತ್ತಿದ್ದ. ಘನ, ದ್ರವ, ಅನಿಲ ಎಂಬ ಮಾತುಗಳಿಗೆ ನಮ್ಮ ಅಡುಗೆಮನೆಯ ಭಾಷೆಯಲ್ಲಿ ಜಾಗವಿರಲಿಲ್ಲ.

ರಜೆಗೆ ಬಂದಾಗ ಒಂದು ನೋಟ್‌ಪುಸ್ತಕ ತರುತ್ತಿದ್ದ. ಅದರಲ್ಲಿ ಉದ್ದಕ್ಕೆ ಗೆರೆ ಎಳೆದು ಮೂರು ಮನೆ ಮಾಡಿದ್ದ. ಜಗತ್ತಿನಲ್ಲಿ ಇರುವುದೆಲ್ಲ ಈ ಮೂರರಲ್ಲೊಂದು ಮನೆಗೆ ಸೇರಬೇಕು ಎನ್ನುವುದು ಅವನ ಹಟ. ಕಲ್ಲಿಗೆ ತನ್ನದೇ ಆಕಾರವಿದೆ, ಅದು ಘನ. ನೀರು ಚೊಂಬಿನಲ್ಲಿದ್ದರೆ ಚೊಂಬಿನ ಆಕಾರ, ಅದು ದ್ರವ. ಗಾಳಿಗೆ ಆಕಾರವೂ ಇಲ್ಲ, ಗಡಿಯೂ ಇಲ್ಲ. ಗಾಳಿ ಎಂಬುದು ಒಂದು ವಸ್ತುವೇ ಎಂದು ನಾನು ನಕ್ಕಿದ್ದಕ್ಕೆ, ಒಂದು ಲೋಟದೊಳಗೆ ಬಟ್ಟೆಯ ಚೂರು ತುರುಕಿ, ಬೋರಲು ಹಾಕಿ, ಅಮ್ಮನ ನೀರಿನ ಹಂಡೆಯೊಳಗೆ ಮುಳುಗಿಸಿ ತೆಗೆದ. ಬಟ್ಟೆ ಒಣಗಿಯೇ ಇತ್ತು. ಒಳಗೆ ಗಾಳಿ ಜಾಗ ಹಿಡಿದುಕೊಂಡಿದೆ, ನೀರನ್ನು ಬಿಡುತ್ತಿಲ್ಲ ಎಂದ. ಗಾಳಿ ಐತೋ ಇಲ್ಲೋ ನೋಡುವುದಕ್ಕೆ ಕುಡಿಯುವ ನೀರೇ ಬೇಕಿತ್ತೇ ಎಂದು ಅಮ್ಮ ಇಬ್ಬರನ್ನೂ ಬೈದಳು.

ಅವನನ್ನು ಸೋಲಿಸಲು ನಾನು ಏನೇನೋ ಹೇಳುತ್ತಿದ್ದೆ. ಅಂಬಲಿ? ಅದು ಮಿಶ್ರಣ. ಬೆಣ್ಣೆ? ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಇನ್ನೊಂದು. ನಿದ್ದೆ?

"ನಿದ್ದೆ ಜಾಗ ಹಿಡಿಯಾಕಿಲ್ಲ ಭಾಯಿ. ಅದಕ್ಕೆ ತೂಕನೂ ಇಲ್ಲ. ಅದು ದ್ರವ್ಯ ಅಲ್ಲ."

"ಹೌದಾ? ನಿನ್ನ ಪಕ್ಕದಾಗೆ ಮಲಗೋನು ನಾನು. ಎಷ್ಟು ಜಾಗ ಹಿಡಿತೈತೆ ಅಂತ ನನಗೆ ಗೊತ್ತೈತೆ."

ಮಿಶ್ರಣದ ವಿಷಯ ನನಗೆ ಇಂದಿಗೂ ಗೊಂದಲ. ಮೂಲವಸ್ತು ಎಂದರೆ ಅದರೊಳಗೆ ಅದೇ ಇರಬೇಕಂತೆ, ನಮ್ಮ ತವರದಂತೆ. ಎರಡು ಸೇರಿ ತಮ್ಮ ಗುಣ ಬಿಟ್ಟು ಮೂರನೆಯದೇ ಆದರೆ ಸಂಯುಕ್ತ. ಸೇರಿಯೂ ಒಳಗೊಳಗೆ ತಾವು ತಾವೇ ಆಗಿದ್ದರೆ ಮಿಶ್ರಣ. ಹಾಗಾದರೆ ನಾವು ಮನೆಯವರು ಏನು ಎಂದು ಕೇಳಿದ್ದೆ. ಅದು ಪುಸ್ತಕದಲ್ಲಿಲ್ಲ ಎಂದ.

ಪುಸ್ತಕಕ್ಕೂ ಸಿಗದೆ ನಿಂತದ್ದು ನವಸಾಗರ. ಬೆಂಕಿಯ ಮುಂದೆ ಕೂತು ಅವನು ಅದನ್ನು ಎಷ್ಟೋ ಸಲ ನೋಡಿದ. ಉಪ್ಪಿನಂಥ ಗಟ್ಟಿ ಪುಡಿ, ಬಿಸಿ ತಾಗಿದ ಕೂಡಲೇ ಹೊಗೆ. ನಡುವೆ ನೀರಾಗುವುದೇ ಇಲ್ಲ. ತವರ ಕರಗಿ ನೀರಾಗುತ್ತದೆ, ಮಂಜುಗಡ್ಡೆ ನೀರಾಗುತ್ತದೆಯಂತೆ, ಇದೊಂದು ಮಾತ್ರ ನಡುವಿನ ಮನೆಯ ಬಾಗಿಲು ತಟ್ಟದೆ ಹೋಗುತ್ತದೆ. ಮೂರು ಮನೆಗಳ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಬರೆದುಕೊಂಡ: ನವಸಾಗರ, ಶಾಲೆ ತೆರೆದ ಮೇಲೆ ಮೇಷ್ಟ್ರನ್ನು ಕೇಳಬೇಕು.

ಇನ್ನು ತವರದ ಮಾತು. ಪಾತ್ರೆಯ ಒಳಮೈಗೆ ಬಳಿಯುವ ಕಲಾಯಿಗೆ ಬೇಕಾದ್ದು ಶುದ್ಧ ತವರ. ಅದನ್ನು ಪರೀಕ್ಷಿಸಲು ಅಬ್ಬಾ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸುತ್ತಿದ್ದರು. ಒಳ್ಳೆಯ ತವರ ಬಗ್ಗುವಾಗ ಚಿರ್ ಎಂದು ಸಣ್ಣಗೆ ಕೂಗುತ್ತದೆ. ತವರ ಅಳುತ್ತದೆ ಎಂದೇ ನಮ್ಮಲ್ಲಿ ಹೇಳುವುದು. ಸೀಸ ಬೆರೆತಿದ್ದರೆ ಅಳುವುದಿಲ್ಲ, ಸುಮ್ಮನೆ ಬಗ್ಗುತ್ತದೆ. ಅಳದ ಕಡ್ಡಿಯನ್ನು ಅಬ್ಬಾ ಪಾತ್ರೆಗೆ ಮುಟ್ಟಿಸುತ್ತಿರಲಿಲ್ಲ. ಸೀಸ ಅನ್ನಕ್ಕೆ ಇಳಿದರೆ ವಿಷ.

ಯುದ್ಧದ ವರ್ಷಗಳು. ತವರ ಸಿಗುವುದೇ ಕಷ್ಟವಾಗಿತ್ತು. ಒಂದು ಬೇಸಗೆಯಲ್ಲಿ ತ್ಯಾವಣಿಗೆಯ ಗೌಡರ ಮನೆಯಲ್ಲಿ ಮದುವೆ, ಪಾತ್ರೆಗಳಿಗೆಲ್ಲ ಕಲಾಯಿ ನಮ್ಮದು. ರಜೆಯಲ್ಲಿದ್ದ ಬಶೀರನೂ ಜೊತೆಗೆ ಬಂದ. ದಾರಿಯಲ್ಲಿ ಗೋವಿನಕೋವಿಯಲ್ಲಿ ಒಬ್ಬ ಬೆಸ್ತನ ಬೋಗುಣಿಗೆ ತೇಪೆ ಹಾಕಿಕೊಟ್ಟಿದ್ದೆ. ಅವನು ಹರಿದ ಬಲೆಯ ಸೀಸದ ಗುಂಡುಗಳನ್ನು ಒಂದು ಹಿಡಿ ಕೊಟ್ಟಿದ್ದ. ಅವನ್ನೇಕೆ ಇಟ್ಟುಕೊಂಡೆನೋ ಗೊತ್ತಿಲ್ಲ. ಅಂಗೈಯಲ್ಲಿ ಹಿಡಿದರೆ ಆ ಭಾರ ಹಿತವಾಗಿತ್ತು. ಇಷ್ಟೇ ನಿಜ.

ತ್ಯಾವಣಿಗೆಯಲ್ಲಿ ಅಬ್ಬಾ ಕಡ್ಡಿಗಳನ್ನೆಲ್ಲ ಬಗ್ಗಿಸಿ ಕೇಳಿ ನನ್ನ ಕೈಗೆ ಕೊಟ್ಟು, ಇದ್ದಿಲು ತರಲು ಚನ್ನಗಿರಿಗೆ ಹೋದರು. ಹದ ನೋಡಿ ಕಾಯಿಸು ಎಂದಿದ್ದರು. ಗೌಡರ ಮನೆಯ ಹೆಣ್ಣುಮಕ್ಕಳು ನೋಡುತ್ತಿದ್ದರು. ನನಗೆ ಆಗ ಹದಿನೇಳು. ತಿದಿಯನ್ನು ಜೋರಾಗಿ ಒತ್ತಿದೆ. ಹಂಡೆ ಕೆಂಪಗೆ ಕಾಯಿತು, ಹಾಕಿದ ತವರ ಹರಡದೆ ಸುಟ್ಟು ಬೂದಿಯಂತಾಯಿತು. ಇನ್ನೊಂದು ಕಡ್ಡಿ ಹಾಕಿದೆ, ಅದೂ ಹೋಯಿತು. ಇನ್ನೂ ಅರ್ಧದಷ್ಟು ಪಾತ್ರೆಗಳು ಬಾಕಿ, ಉಳಿದದ್ದು ಎರಡೇ ಕಡ್ಡಿ. ಬಶೀರ ಬಾವಿಯ ಕಡೆ ಪಾತ್ರೆ ತಿಕ್ಕಲು ಹೋಗಿದ್ದ. ನಾನು ಆ ಎರಡು ಕಡ್ಡಿಗೆ ಸೀಸದ ಗುಂಡು ಸೇರಿಸಿ, ಸಟ್ಟುಗದಲ್ಲಿ ಕರಗಿಸಿ, ಮರಳಿನಲ್ಲಿ ಬೆರಳಿನಿಂದ ಕಾಲುವೆ ತೋಡಿ ಹೊಯ್ದು ನಾಲ್ಕು ಕಡ್ಡಿ ಮಾಡಿದೆ. ನೋಡುವುದಕ್ಕೆ ಒಂದೇ ಬಣ್ಣ. ಅದು ಕಳ್ಳತನವೇ, ಮೋಸವೇ, ಬರಿಯ ಹೆದರಿಕೆಯೇ? ಯಾವ ಮನೆಗೆ ಹಾಕಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಅಬ್ಬಾ ಬಂದ ಹೊತ್ತಿಗೆ ಮೂರು ಕಡ್ಡಿ ಮುಗಿದು ಪಾತ್ರೆಗಳು ಸಾಲಾಗಿ ಹೊಳೆಯುತ್ತಿದ್ದವು. ಗೌಡರ ತಾಯಿ ಒಂದು ಬಿಳಿ ಬಟ್ಟೆ ಹಿಡಿದು ಬಂದು ಹಂಡೆಯ ಒಳಗನ್ನು ಉಜ್ಜಿದರು. ಬಟ್ಟೆಗೆ ಸೀಸದ ಕಪ್ಪು ಹತ್ತಿತು.

"ಇದು ಕಲಾಯಿನೋ ಕಾಡಿಗೆನೋ ಸಾಬ್ರೇ? ಮದುಮಗಳ ಕಣ್ಣಿಗೆ ಇದನ್ನೇ ಹಚ್ಚಾಣಾ ಹೇಳ್ರಿ."

ಅಬ್ಬಾ ಉಳಿದಿದ್ದ ಒಂದು ಕಡ್ಡಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರು. ಅಂಗಳದಲ್ಲಿ ಎಲ್ಲರೂ ಸುಮ್ಮನಿದ್ದರು, ಕಡ್ಡಿಯೂ ಸುಮ್ಮನಿತ್ತು. ಇದನ್ನು ಯಾರು ಕರಗಿಸಿದ್ದು ಎಂದು ಕೇಳಿದರು.

"ಬಶೀರ ಪ್ರಯೋಗ ಮಾಡಾಕೆ ಅಂತ ಏನೋ ಕರಗಿಸ್ತಿದ್ದ," ಎಂದೆ ನಾನು.

ಸುಳ್ಳೆಂದರೆ ಪೂರ್ತಿ ಸುಳ್ಳಲ್ಲ. ಅಬ್ಬಾ ಚನ್ನಗಿರಿಗೆ ಹೊರಡುವ ಮೊದಲು ಅವನು ಸಟ್ಟುಗದಲ್ಲಿ ತವರದ ಒಂದು ಚೂರು ಕರಗಿಸಿ, ಆರಿಸಿ, ಮತ್ತೆ ಕರಗಿಸಿ ನೋಡಿದ್ದ. ಅಬ್ಬಾ ಅದನ್ನು ಕಂಡು ನಕ್ಕಿದ್ದರು. ನಾನು ಆ ನಿಜಕ್ಕೆ ನನ್ನದನ್ನು ಸೇರಿಸಿದೆ, ಅಷ್ಟೆ. ಬಶೀರ ಕಡ್ಡಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅಲ್ಲ ಎನ್ನಲಿಲ್ಲ.

"ಪುಸ್ತಕ ಇವನಿಗೆ ಕಲಬೆರಕೆ ಕಲಿಸೈತೆ. ಇನ್ನು ಓದಿದ್ದು ಸಾಕು," ಎಂದರು ಅಬ್ಬಾ. ಗೌಡರ ಮನೆಯವರಿಗೂ ಕೇಳಲಿ ಎಂದು ಕನ್ನಡದಲ್ಲೇ ಅಂದರು. ಆಮೇಲೆ ಚನ್ನಗಿರಿಯಲ್ಲಿ ಪರಿಚಯದ ಕಲಾಯಿಗಾರನಿಂದ ತವರ ಬೇಡಿ ತಂದು, ನಾನು ಮಾಡಿದ್ದನ್ನೆಲ್ಲ ಕೆರೆದು ಮತ್ತೆ ಮಾಡಿದರು. ಬಶೀರ ತಿದಿ ಒತ್ತಿದ. ಶಾಲೆ ತೆರೆಯುವ ಹೊತ್ತಿಗೆ ಅವನನ್ನು ಜಗಳೂರಿಗೆ ಕಳಿಸಿದರು. ಅಲ್ಲಿ ನಮ್ಮ ಮಾಮೂ ಲಾಟೀನು ರಿಪೇರಿ ಮಾಡುತ್ತಿದ್ದರು, ಸೀಮೆಎಣ್ಣೆ ಡಬ್ಬದಿಂದ ಚಿಮಣಿ ದೀಪ ಮಾಡುತ್ತಿದ್ದರು. ಬಶೀರನ ಕೈಗೆ ಬಂದದ್ದು ಬೆಸುಗೆಯ ಕೆಲಸ. ಬೆಸುಗೆಗೆ ತವರಕ್ಕೆ ಸೀಸ ಬೆರೆಸಲೇಬೇಕು, ಇಲ್ಲದಿದ್ದರೆ ಸಲೀಸಾಗಿ ಹಿಡಿಯುವುದಿಲ್ಲ. ತ್ಯಾವಣಿಗೆಯಲ್ಲಿ ವಿಷವಾದದ್ದು ಜಗಳೂರಿನಲ್ಲಿ ಅವನ ಅನ್ನವಾಯಿತು. ಇದನ್ನು ಯಾವ ಪುಸ್ತಕ ಬಿಡಿಸಿ ಹೇಳೀತು?

ಆಮೇಲೆ ನಾವು ಹಬ್ಬಕ್ಕೆ, ಮದುವೆಗೆ, ಅಬ್ಬಾ ತೀರಿಕೊಂಡಾಗ ಎಷ್ಟೋ ಸಲ ಸೇರಿದ್ದೇವೆ. ಈ ಮಾತು ಎತ್ತಲಿಲ್ಲ. ಇವತ್ತು ಬೇಡ, ನಾಳೆ ಎಂದುಕೊಳ್ಳುತ್ತಾ ನನ್ನ ಗಡ್ಡ ಬೆಳ್ಳಗಾಯಿತು.

ಮೇಷ್ಟ್ರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತಾ ಮೊನ್ನೆ ಜಗಳೂರಿನ ಬಸ್ಸು ಹತ್ತಿದೆ. ಬಶೀರ ಅಂಗಡಿಯಲ್ಲಿ ಸೊಕ್ಕೆಯಿಂದ ಬಂದ ಒಂದು ಸ್ಟೌ ಬಿಚ್ಚಿಕೊಂಡು ಕೂತಿದ್ದ. ಚಹಾ ತರಿಸಿದ. ಅದು ಆರುವ ಮುಂಚೆ ಹೇಳಿಬಿಟ್ಟೆ, ಸೀಸ ಬೆರೆಸಿದವನು ನಾನು ಎಂದು.

"ಗೊತ್ತೈತೆ," ಎಂದ, ಸ್ಟೌವಿನಿಂದ ಕಣ್ಣೆತ್ತದೆ. "ಕಡ್ಡಿ ಅಳಲಿಲ್ಲ ಅಂದಾಗಲೇ ಗೊತ್ತಾತು. ಗೋವಿನಕೋವಿಯಿಂದ ಆ ಗುಂಡು ಕೈಯಾಗೆ ಆಡಿಸ್ಕೊಂತ ಬಂದಿದ್ದೆಯಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಮಾಡಿದ್ದು ಅಂದಿದ್ರೆ ಅಬ್ಬಾ ನಿನಗೆ ಹೊಡೀತಿದ್ರು, ನನಗೆ ಹೊಡಿಯಾಕಿಲ್ಲ ಅಂದ್ಕೊಂಡೆ. ಸ್ಕೂಲು ಬಿಡಿಸ್ತಾರೆ ಅಂತ ಗೊತ್ತಿರಲಿಲ್ಲ ಭಾಯಿ. ಗೊತ್ತಿದ್ರೆ ಹೇಳ್ತಿದ್ದೆ."

ಅವನು ಕೈ ಒರೆಸಿಕೊಂಡು, ನವಸಾಗರದ ಬಗ್ಗೆ ಮೇಷ್ಟ್ರನ್ನು ಕೇಳಿದೆ ಎಂದು ಬಂದಾಗ ಅಂದೆಯಲ್ಲ, ಅದನ್ನು ಯಾವ ಮನೆಗೆ ಹಾಕಿದರು ಎಂದು ಕೇಳಿದ. ಮಾಫ್ ಮಾಡಿದೆ ಎಂಬ ಮಾತು ಇಲ್ಲ, ನವಸಾಗರದ ಮಾತು. ನಾನು ಮೇಷ್ಟ್ರು ಹೇಳಿದಂತೆ ಹೇಳಹೊರಟೆ. ಬಿಸಿ ತಾಗಿದರೆ ಅದು ಎರಡು ಅನಿಲವಾಗಿ ಬೇರೆಯಾಗುತ್ತದಂತೆ. ಕಣ್ಣಿಗೆ ಕಾಣದ ಆ ಎರಡೂ ಮೇಲೆ ಹೋಗಿ ತಣ್ಣಗಾದರೆ ಮತ್ತೆ ಕೂಡಿಕೊಂಡು ನವಸಾಗರವೇ ಆಗುತ್ತವಂತೆ. ನಾವು ಕಾಣುವ ಬಿಳಿ ಹೊಗೆ ಅನಿಲವಲ್ಲ, ಗಟ್ಟಿ ಪುಡಿಯೇ.

"ಹಂಗಾದ್ರೆ ಹೊಗೆ ಘನನಾ? ಬೇರೆ ಆಗೋ ಎರಡು ಯಾವ್ಯಾವು? ಎಲ್ಲಾ ಗಟ್ಟಿ ಪದಾರ್ಥಾನೂ ಹಿಂಗೆ ಯಾಕೆ ಆಗಲ್ಲ?"

ಆ ಎರಡರ ಹೆಸರು ದಾರಿಯಲ್ಲೇ ಮರೆತುಹೋಗಿತ್ತು.

"ನೀನು ಸರಿಯಾಗಿ ಕೇಳ್ಕೊಂಡು ಬಂದಿಲ್ಲ," ಎಂದ ಬಶೀರ. "ಹೋಗಿ ಇನ್ನೊಂದ್ಸಲ ಕೇಳ್ಕೊಂಡು ಬಾ. ಈ ಸಲ ಬರ್ಕೊಂಡು ಬಾ."

ಇದು ಕ್ಷಮೆಯೋ ಶಿಕ್ಷೆಯೋ ಬಸ್ಸಿನುದ್ದಕ್ಕೂ ಯೋಚಿಸಿದೆ, ತಿಳಿಯಲಿಲ್ಲ. ಇವತ್ತು ಬೆಳಿಗ್ಗೆ ಒಂದು ನೋಟ್‌ಪುಸ್ತಕ ಕೊಂಡು, ಮೂರು ಮನೆ ಎಳೆದು, ಮೇಷ್ಟ್ರ ಮನೆಗೆ ಹೋದೆ. ಗೆರೆಗಳು ಸೊಟ್ಟಗಿದ್ದವು. ಅವರು ಪುಸ್ತಕವನ್ನೂ ನನ್ನನ್ನೂ ನೋಡಿ, ಇದೆಲ್ಲ ಯಾರಿಗೆ ಎಂದು ಕೇಳಿದರು.

"ನನ್ನ ತಮ್ಮನಿಗೆ ಮೇಷ್ಟ್ರೇ," ಎಂದೆ. "ಈ ಪಾಠದ ಹೊತ್ತಿಗೆ ಅವನು ಸ್ಕೂಲಿಗೆ ಬರಾಕೆ ಆಗಲಿಲ್ಲ. ನಾನು ಬಿಡಿಸಿದ್ದೆ."

ಮೇಷ್ಟ್ರು ಚಾಪೆ ಹಾಸಿದರು. ನಾನು ಕೂತು ಪೆನ್ಸಿಲು ತೆಗೆದೆ.