ಸಾಣಾಪುರದಲ್ಲಿ ಗಾಡಿಯ ಮೇಲೆ ಇಟ್ಟ ಕೈ

ಮೊಮ್ಮಕ್ಕಳೇ, ಹುಲಿಗೆಮ್ಮನ ದರ್ಶನಕ್ಕೆಂದು ಹುಲಿಗಿಗೆ ಹೊರಟಿದ್ದ ನಮ್ಮ ಟೆಂಪೊ ಸಾಣಾಪುರದ ಕೆರೆಯ ಹತ್ತಿರ ನಿಂತಿತು. ದಾರಿಯ ತುಂಬ ಬೈಕ್ ರ‍್ಯಾಲಿಯವರ ಗಾಡಿಗಳಿದ್ದವು.

ಮರದ ನೆರಳಲ್ಲಿ ಗಂಡ, ಹೆಂಡತಿ, ಮಗಳು ಸವಾರರಿಗೆ ಮಜ್ಜಿಗೆ ಕೊಡುತ್ತಿದ್ದರು. ಇಂಥ ರ‍್ಯಾಲಿ ಎಲ್ಲಿದ್ದರೂ ಅವರು ಹೋಗುತ್ತಾರಂತೆ. ಸವಾರರು ಒಪ್ಪಿದರೆ ಗಾಡಿಯ ಮೇಲೆ ಕೈ ಇಟ್ಟು ಯೇಸುವಿಗೆ ಪ್ರಾರ್ಥಿಸುತ್ತಿದ್ದರು. ನಿಂಬೆಹಣ್ಣಿಲ್ಲ, ಕುಂಕುಮವಿಲ್ಲ. ನಾನೂ ಮಜ್ಜಿಗೆ ಕುಡಿದು ನೋಡುತ್ತ ನಿಂತೆ.

“ಅವ್ವಾರ, ಈ ಗಾಡಿ ಮ್ಯಾಲ ನೀವೂ ಒಂದು ಕೈ ಇಡ್ರಿ,” ಎಂದಳು ಹೆಂಡತಿ.

“ನಾ ಬ್ಯಾಡ್ರಿ. ಗಂಡ ಇಲ್ಲದಾಕಿ.”

“ನಮ್ಮತ್ತೀನೂ ಹಂಗ ಅದಾರ. ನಮ್ಮ ಮನಿಯಾಗ ಮೊದಲ ಕೈ ಅವರದ.”

ನಿಮ್ಮಪ್ಪ ಹೊಸ ಗಾಡಿ ತಂದ ದಿನ ಪೂಜೆ ಮುಗಿಯುವವರೆಗೆ ನಾನು ಅಡುಗೆಮನೆ ಬಿಟ್ಟು ಹೊರಬಂದಿರಲಿಲ್ಲ. ಯಾರೂ ಕರೆದಿರಲೂ ಇಲ್ಲ. ಈಗ ಗುರುತಿಲ್ಲದವರ ಮಗನಿಗೆ ನನ್ನಿಂದ ಏನಾದರೂ ಕೆಡುಕಾದರೆ?

ಗಾಡಿಯ ಮೇಲೆ ಕುಳಿತಿದ್ದ ಗಡ್ಡದವನು ನಕ್ಕ. “ಇಡಬೇ ಯವ್ವಾ. ನಮ್ಮವ್ವ ಈ ಗಾಡಿ ಕಂಡ್ರ ಬೈತಾಳ, ನೀನರ ಹರಸು.”

ಹೆದರುತ್ತಲೇ ಇಟ್ಟೆ. ಟ್ಯಾಂಕು ಬಿಸಿಲಿಗೆ ಸುಡುತ್ತಿತ್ತು. ಅವರು ಯೇಸುವನ್ನು ಕರೆದರು. ನನ್ನ ಬಾಯಿಗೆ ಹುಲಿಗೆಮ್ಮನ ಹೆಸರೇ ಬಂತು. ಅದು ಸರಿಯೋ ತಪ್ಪೋ ತಿಳಿಯಲಿಲ್ಲ, ಕೇಳಲು ನಾಚಿಕೆಯಾಯಿತು.

ಹುಲಿಗಿಯಲ್ಲಿ ಕೈ ಮುಗಿದು ನಿಮ್ಮೆಲ್ಲರ ಹೆಸರು ಹೇಳಿದೆ. ಅವನ ಹೆಸರನ್ನು ಕೇಳಿಕೊಂಡೇ ಇರಲಿಲ್ಲ. “ಗಡ್ಡದವನು, ಕೆಂಪು ಗಾಡಿ,” ಎಂದು ಅಮ್ಮನಿಗೆ ಗುರುತು ಹೇಳಿದೆ.