ಫಿಟ್ಟರಣ್ಣನ ಒಂದು ಜಪಾನಿ ವಾಕ್ಯ

ಮೊನ್ನೆ ಬಟವಾಡಿಯಲ್ಲಿ ಆಟೊ ಕಾಯುತ್ತ ನಿಂತಿದ್ದೆ. ಹಿಂದಿನ ಲೇತ್ ಅಂಗಡಿಯಿಂದ, ಕಾದ ಕಬ್ಬಿಣದ ಮೇಲೆ ಕೂಲೆಂಟ್ ಬಿದ್ದ ವಾಸನೆ ಬಂತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆದರೂ ನಾಚಿಕೆಯಿಂದ ತಲೆ ತಗ್ಗಿತು.

ಡಿಪ್ಲೊಮಾ ಮುಗಿಸಿ ಹಿರೇಹಳ್ಳಿಯ ಒಂದು ಕಾರ್ಖಾನೆಗೆ ಟ್ರೈನಿಯಾಗಿ ಸೇರಿದ್ದೆ. ಅಲ್ಲಿ ಗುಬ್ಬಿಯಿಂದ ದಿನಾ ಬಂದುಹೋಗುತ್ತಿದ್ದ ಹಿರಿಯ ಫಿಟ್ಟರ್ ಒಬ್ಬರಿದ್ದರು, ಎಲ್ಲರಿಗೂ ಫಿಟ್ಟರಣ್ಣ. ಜಪಾನಿನಿಂದ ತಂಡ ಬರುತ್ತದೆಂದು ಶನಿವಾರ ಕ್ಯಾಂಟೀನಿನಲ್ಲಿ ನಮಗೆ ಜಪಾನಿ ಪಾಠ ಶುರುವಾಯಿತು. ಚೆನ್ನಾಗಿ ಮಾತಾಡಿದ ಒಬ್ಬರಿಗೆ ಜಪಾನಿನಲ್ಲೇ ತರಬೇತಿ ಅಂತಲೂ ಹೇಳಿದ್ದರು. ನನಗೋ ಆಸೆ ಬೆಟ್ಟದಷ್ಟು, ಆದರೆ ಕೊರೆ, ಸೊರೆ, ಅರೆ ಎಂಬ ಮೂರು ಪದವೇ ತಲೆಗೆ ಹತ್ತಲಿಲ್ಲ. ಏಳನೇ ಕ್ಲಾಸು ಓದಿದ್ದ ಫಿಟ್ಟರಣ್ಣನಿಗೆ ಹತ್ತಿತು.

"ನೋಡ್ಲಾ, ಈ ಸ್ಪ್ಯಾನರ್ ನನ್ ಕೈಲೈತೆ, ಕೊರೆ. ನಿನ್ ಕೈಗ್ ಕೊಟ್ಟೆ, ಈಗ ಸೊರೆ. ಅಲ್ ಗೋಡೆಗ್ ತಗ್ಲಾಕಿರೋದು ಇಬ್ರಿಗೂ ದೂರ, ಅರೆ. ಅಷ್ಟೇ ಕಣೋ."

ಅವರಿಗೆ ಜಪಾನಿಗೆ ಹೋಗುವ ಹಂಬಲ ಇರಲಿಲ್ಲ. ಕೆಲಸ ಮಾಡುವಾಗ ಪಾರ್ಟನ್ನು ಹಿಡಿದಿಡುವ, ಅದನ್ನು ತಲೆಕೆಳಗಾಗಿ ಕೂರಿಸಲು ಬಿಡದಂಥ ಒಂದು ಜಿಗ್ಗನ್ನು ಹಳೇ ಕಬ್ಬಿಣದ ತುಂಡುಗಳಲ್ಲಿ ಅವರೇ ಮಾಡಿದ್ದರು. ಬಂದವರಿಗೆ ಅದನ್ನು ತೋರಿಸಿ, ಅವರದೇ ಭಾಷೆಯಲ್ಲಿ "ಇದನ್ನು ಮಾಡಿದ್ದು ನಾನು" ಅನ್ನಬೇಕು, ಅಷ್ಟೇ. ಪಾಠ ಹೇಳುತ್ತಿದ್ದ ಮೇಡಂ ಹತ್ತಿರ ಆ ವಾಕ್ಯ ಬರೆಸಿಕೊಂಡು ಊಟದ ಸಾಲಿನಲ್ಲಿ, ಕೈ ತೊಳೆಯುವಾಗ, ಗೊಣಗುತ್ತಲೇ ಇದ್ದರು... ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು.

ತಂಡ ಬಂದ ದಿನ ಅದರ ಹಿರಿಯರು ಜಿಗ್ಗಿನ ಮುಂದೆ ನಿಂತು, ಯಾರು ಮಾಡಿದ್ದೆಂದು ಕೇಳಿದರು. ಫಿಟ್ಟರಣ್ಣ ಟೋಪಿ ತೆಗೆದು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ. ಅವರದೇ ವಾಕ್ಯ, ಒಂದಕ್ಷರ ತಪ್ಪಿಲ್ಲದೆ. ಹೊಸದಾಗಿ ಬಂದಿದ್ದ ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ನಿಜ ಗೊತ್ತಿದ್ದ ಇಬ್ಬರು ಮೂವರು ನೆಲ ನೋಡಿದರು. ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ... ಮಾಡಲಿಲ್ಲ.

"ಹೋಗ್ಲಿ ಬುಡು, ಚೆಂದಾಗ್ ಹೇಳ್ದೆ," ಅಂದರು ಫಿಟ್ಟರಣ್ಣ ಸಂಜೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಜಪಾನಿಗೆ ನಾನೇ ಹೋದೆ. ಹೊಸದೇನಾದರೂ ಮಾಡಿದವರ ಫೋಟೊವನ್ನು ಅದರ ಪಕ್ಕದಲ್ಲೇ ತಗುಲಿಹಾಕುವುದು ನಮ್ಮ ಕಾರ್ಖಾನೆಯ ಪದ್ಧತಿ. ವಾಪಸ್ ಬಂದಾಗ ಜಿಗ್ಗಿನ ಪಕ್ಕ ನನ್ನ ಫೋಟೊ ಇತ್ತು. ಬೆಳಿಗ್ಗೆ ಹತ್ತು ನಿಮಿಷ ಪ್ರತಿಯೊಬ್ಬರೂ ತಮ್ಮ ಜಾಗ ಒರೆಸಬೇಕು. ಜಿಗ್ಗು ಇದ್ದದ್ದು ಫಿಟ್ಟರಣ್ಣನ ಜಾಗದಲ್ಲಿ, ಹಾಗಾಗಿ ರಿಟೈರ್ ಆಗುವವರೆಗೂ ಆ ಫೋಟೊದ ಧೂಳು ಒರೆಸಿದವರು ಅವರೇ.

ಹೋದ ತಿಂಗಳು ಗುಬ್ಬಿಗೆ, ಅವರ ತಿಥಿಗೆ ಹೋಗಿದ್ದೆ. ಈಗಲಾದರೂ ಮನೆಯವರ ಮುಂದೆ ನಿಜ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದೇ ಹೋದದ್ದು. ನನ್ನ ಹೆಸರು ಕೇಳಿದ ಕೂಡಲೇ ಅವರ ಹೆಂಡತಿ ಮೊಮ್ಮಗಳನ್ನು ಕೂಗಿದರು.

"ಬಾರೇ ಇಲ್ಲಿ. ಜಪಾನ್ನೋರೇ ಮೆಚ್ಕೊಂಡ್ರು ಅಂತ ತಾತ ಹೇಳೋರಲ್ಲ, ಆ ಜಿಗ್ ಮಾಡಿದ್ದು ಇವ್ರೇ ಕಣೇ!"

ಮಗು ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿತು. ಅದರ ತಲೆಯ ಮೇಲೆ ಕೈಯಿಟ್ಟೆ. ಊಟ ಮಾಡಿದೆ. ಬಂದುಬಿಟ್ಟೆ.

ಈಗ ಫಿಟ್ಟರಣ್ಣ ಇಲ್ಲ... ಅವರಿರುವವರೆಗೆ ಆ ಮನೆಯಲ್ಲಿ ಒಬ್ಬರಿಗಾದರೂ ಅದು ಸುಳ್ಳೆಂದು ಗೊತ್ತಿತ್ತು.