ನನಗಿಟ್ಟ ಎಡೆ

ಆರು ವರ್ಷ ನಾನು ಟೀವಿಯಲ್ಲಿ ಪೆದ್ದಿ ಸೊಸೆಯಾಗಿದ್ದೆ. ವಾರಕ್ಕೆ ಐದು ದಿನ, ಸಂಜೆ ಅರ್ಧ ಗಂಟೆಯ ಹಾಸ್ಯ ಧಾರಾವಾಹಿ. ಅತ್ತೆಯ ಕಾಫಿಗೆ ಉಪ್ಪು ಹಾಕುವುದು, ಮಾವನ ಪಂಚೆ ಇಸ್ತ್ರಿ ಮಾಡಲು ಹೋಗಿ ಸುಡುವುದು, ಆಮೇಲೆ ಕಣ್ಣರಳಿಸಿ ನಿಲ್ಲುವುದು. ಇಷ್ಟೇ ನನ್ನ ಕಲೆ. ಇಷ್ಟಕ್ಕೇ ಹನೂರು ಬಸ್ಸಿನ ಕಂಡಕ್ಟರು ನನ್ನನ್ನು ಕಂಡು ಟಿಕೆಟ್ ಹರಿಯುವುದನ್ನೂ ಮರೆತು ನಗುತ್ತಿದ್ದರು. ನಮ್ಮೂರು ಕಾಮಗೆರೆಯಲ್ಲಿ ಅವ್ವ ಟೀವಿಯನ್ನು ಜಗಲಿಗೇ ತಂದಿಟ್ಟು ಬೀದಿಗೆಲ್ಲ ತೋರಿಸುತ್ತಿದ್ದಳು.

ನಮ್ಮ ಕೆಲಸದಲ್ಲಿ ನಗಿಸುವುದು ಸುಲಭ, ನಗದೆ ಇರುವುದು ಕಷ್ಟ. ಎದುರಿಗಿದ್ದವರ ಮುಖ ನೋಡಿ ಕಿಸಕ್ಕೆಂದರೆ ಶಾಟ್ ಹಾಳು, ನಿರ್ದೇಶಕರಿಂದ ಮಂಗಳಾರತಿ. ಅತ್ತೆಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿ ನನಗೊಂದು ಉಪಾಯ ಹೇಳಿಕೊಟ್ಟರು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿ. ಮುಖ ನೋಡಬೇಡ, ಕಿವಿಯ ಪಕ್ಕದಲ್ಲಿ ಕಾಣುವ ಗೋಡೆ ನೋಡು. ಅಲ್ಲಿ ಮನುಷ್ಯರೇ ಇಲ್ಲ ಅಂದುಕೋ. ವಾರದೊಳಗೆ ನಾನು ಅದರಲ್ಲಿ ಎತ್ತಿದ ಕೈ ಆದೆ.

ಧಾರಾವಾಹಿ ಶುರುವಾದ ಎರಡನೇ ವರ್ಷ ಅಪ್ಪ ತೀರಿಕೊಂಡ. ನನಗೆ ನಿದ್ದೆ ಬಾರದಾಯಿತು. ಮೇಕಪ್ ಮಾಡುತ್ತಿದ್ದಾಕೆ ಒಂದು ಕಡೆಗೆ ಕರೆದುಕೊಂಡು ಹೋದಳು. ಒಳಗಿನವರು ಅದನ್ನು ಬರೀ 'ಮನೆ' ಎನ್ನುತ್ತಿದ್ದರು, ಅದರ ಗುರುವನ್ನು 'ದೊಡ್ಡವರು' ಎನ್ನುತ್ತಿದ್ದರು. ಪೇಪರಿನವರು ಅದರ ಬಗ್ಗೆ ಏನೇನೋ ಬರೆಯುತ್ತಿದ್ದರು. ನಾವು ಪೇಪರ್ ಓದುವಂತಿರಲಿಲ್ಲ, ಹಾಗಾಗಿ ನೆಮ್ಮದಿಯಾಗಿದ್ದೆವು. ಸುಳ್ಳು ಯಾಕೆ ಹೇಳಲಿ, ಅಲ್ಲಿ ಚಾಪೆಯ ಮೇಲೆ ಮಲಗಿದ ಮೊದಲ ದಿನವೇ ಮಗುವಿನ ಹಾಗೆ ನಿದ್ದೆ ಮಾಡಿದೆ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ದಾರಿಯಲ್ಲಿ, ಮುಚ್ಚಿಹೋದ ಅಕ್ಕಿ ಗಿರಣಿಯೊಂದರಲ್ಲಿ, ಅವರದೊಂದು ಶಾಖೆ ಇತ್ತು. ಒಬ್ಬಳೇ ಕೂತು ಅಳುತ್ತಿದ್ದ ಅವ್ವನನ್ನು ನಾನೇ ಕೈ ಹಿಡಿದು ಅಲ್ಲಿಗೆ ಕರೆದೊಯ್ದೆ.

ಆ 'ಮನೆ'ಯಲ್ಲಿ ಒಂದು ಕಟ್ಟುಪಾಡು ಇತ್ತು. ಬಿಟ್ಟುಹೋದವರು ತೀರಿಕೊಂಡ ಹಾಗೆ. ಅವರನ್ನು ಮಾತಾಡಿಸಬಾರದು, ನೋಡಬಾರದು. ಅವರ ಸ್ವಂತ ಕುಟುಂಬದವರು ತಿಥಿ ಮಾಡಿ, ಫೋಟೋಗೆ ಹಾರ ಹಾಕಿ, ಅಲ್ಲಿಗೆ ಮುಗಿಸಬೇಕು.

ನಮ್ಮ ಸೆಟ್ಟಿನಲ್ಲಿ ನನಗೆ ಸೀರೆ ಉಡಿಸಿ ಪಿನ್ನು ಹಾಕುತ್ತಿದ್ದ ಅಕ್ಕನೂ 'ಮನೆ'ಯವಳೇ. ಅವಳು 'ಮನೆ' ಬಿಟ್ಟಳು. ಕೆಲಸ ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ನನ್ನ ನೆರಿಗೆ ಹಿಡಿಯುತ್ತ, "ಒಂದ್ ಮಾತಾಡು ಸಾಕು" ಎನ್ನುತ್ತಿದ್ದಳು. ನಾನು ಅವಳ ಕಿವಿಯ ಪಕ್ಕದ ಗೋಡೆ ನೋಡುತ್ತಿದ್ದೆ. ಈ ಸುದ್ದಿ ದೊಡ್ಡವರಿಗೆ ಮುಟ್ಟಿ, ಇದನ್ನು ಎಲ್ಲರಿಗೂ ಕಲಿಸು ಎಂದು ನನ್ನನ್ನೇ ಮೇಷ್ಟ್ರು ಮಾಡಿದರು.

ಕೊಳ್ಳೇಗಾಲದ ಆ ಗಿರಣಿಯಲ್ಲಿ ಹೆಂಗಸರನ್ನು ಎದುರುಬದುರು ಕೂರಿಸಿದೆ. ಒಬ್ಬಳು ಅತ್ತು ಕರೆಯಬೇಕು, ಇನ್ನೊಬ್ಬಳು ನೋಡಬಾರದು. ಅವ್ವನ ಎದುರಿಗೆ ನಾನೇ ಕೂತೆ. ಕಲಿತ ವಿದ್ಯೆಯನ್ನೆಲ್ಲ ಸುರಿದು ಅತ್ತೆ. "ಅವ್ವಾ, ಒಂದ್ಸಲ ನೋಡವ್ವಾ" ಎಂದೆ. ಮೊದಲು ಅವಳ ಗಲ್ಲ ನಡುಗಿತು. ಆಮೇಲೆ ಕಣ್ಣು ನನ್ನ ಕಿವಿಯ ಹತ್ತಿರ ಹೋಗಿ ನಿಂತಿತು. ನಾನು ಎದ್ದು ಚಪ್ಪಾಳೆ ತಟ್ಟಿದೆ. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಅವಳೇ.

ಒಂದು ದಿನ ಸೆಟ್ಟಿನಲ್ಲಿ ಪಿನ್ನು ಹೆಗಲಿಗೆ ಚುಚ್ಚಿತು. ತಿರುಗಿದರೆ ಬೇರೆ ಯಾರೋ ಹುಡುಗಿ.

"ಮೊದಲಿದ್ದ ಅಕ್ಕ ಎಲ್ಲಿ?" ಎಂದೆ.

"ಅವರು ಹೋಗಿ ಹದಿನೈದು ದಿನ ಆಯ್ತಲ್ಲ ಮೇಡಂ. ಅವತ್ತಿಂದ ನಾನೇ ಉಡಿಸ್ತಿದೀನಿ."

ಹದಿನೈದು ದಿನ ನನ್ನ ಸೊಂಟದ ಹತ್ತಿರ ಓಡಾಡಿದ ಕೈ ಯಾರದೆಂದು ನನಗೆ ತಿಳಿದಿರಲಿಲ್ಲ. ನೋಡದ ಹಾಗೆ ನಟಿಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿಯೂ ನನಗೆ ಕಾಣಿಸುತ್ತಿರಲಿಲ್ಲ. ಅಕ್ಕ ಎಲ್ಲಿಗೆ ಹೋದಳೋ, ಕೇಳಿದರೆ ಯಾರಿಗೂ ಗೊತ್ತಿಲ್ಲ.

ಹೆದರಿಕೆಗೇ ನಾನು 'ಮನೆ'ಯನ್ನು ಬಿಟ್ಟದ್ದು, ಧೈರ್ಯಕ್ಕಲ್ಲ. ಅಲ್ಲಿಗೆ ಫೋನು ಮಾಡಿ ಹೇಳಿದೆ. ಆ ಕಡೆಯ ಹೆಂಗಸು ತುಂಬ ಮೆತ್ತಗೆ, "ಸರಿಯಮ್ಮ, ನೀನು ಇವತ್ತು ಸಂಜೆ ನಾಲ್ಕಕ್ಕೆ ತೀರಿಕೊಂಡೆ ಅಂತ ಬರ್ಕೊತೀನಿ" ಎಂದು ಇಟ್ಟುಬಿಟ್ಟಳು. ಗಡಿಯಾರ ನೋಡಿದೆ, ನಾಲ್ಕೂ ಐದು.

ಧಾರಾವಾಹಿಯ ನಿರ್ಮಾಪಕರೂ 'ಮನೆ'ಯವರೇ. ಹಾಸ್ಯ ಧಾರಾವಾಹಿಯಲ್ಲಿ ಯಾರೂ ಸಾಯುವುದಿಲ್ಲ, ನಾನು ಸತ್ತೆ. ಮುಂದಿನ ವಾರವೇ ಗೋಡೆಯ ಮೇಲೆ ನನ್ನ ಫೋಟೋ, ಗಂಧದ ಹಾರ. ಅದರ ಕೆಳಗೆ ಅತ್ತೆ ಮಾವ ಎಂದಿನಂತೆ ಜಗಳವಾಡಿ ನಗಿಸಿದರು. ಅವ್ವ ಫೋನು ಎತ್ತಲಿಲ್ಲ. ಇನ್ನು ತಡೆಯಲಾರದೆ, ಪಿತೃಪಕ್ಷದ ಅಮಾವಾಸ್ಯೆಗೆ ಮೂರು ದಿನ ಇರುವಾಗ ಬ್ಯಾಗು ಹೆಗಲಿಗೇರಿಸಿ ಕಾಮಗೆರೆಯಲ್ಲಿ ಇಳಿದೆ.

ನಡುಮನೆಯಲ್ಲಿ ಅಪ್ಪನ ಫೋಟೋದ ಪಕ್ಕದಲ್ಲೇ ನನ್ನದಿತ್ತು. ಧಾರಾವಾಹಿಯಲ್ಲಿ ತೂಗುಹಾಕಿದ್ದ ಅದೇ ಫೋಟೋ. ಅವ್ವ ರಾಗಿ ಕೇರುತ್ತಿದ್ದಳು. ಎದುರಿಗೆ ನಿಂತು ಅವ್ವಾ ಎಂದೆ. ಮೊರದ ಸದ್ದು ತಪ್ಪಲಿಲ್ಲ.

ಪಕ್ಕದ ಮನೆಯ ಅಜ್ಜಿ ಓಡಿ ಬಂದು ನನ್ನ ತೋಳು ಚಿವುಟಿ ನೋಡಿದಳು.

"ಬದ್ಕಿದ್ದೀಯಲ್ಲವ್ವ! ನಿಮ್ಮವ್ವ ನಿನ್ ತಿತಿ ಮಾಡ್ಬುಟ್ಲು ಕಣವ್ವ. ನಾನೂ ಬಂದು ಉಂಡೋದೆ. ವಡೆ ಚಂದಾಗಿತ್ತು."

ತಮ್ಮ ತಿಥಿಯ ವಡೆ ಚೆನ್ನಾಗಿತ್ತೆಂದು ಕೇಳುವ ಭಾಗ್ಯ ಎಷ್ಟು ಜನಕ್ಕುಂಟು.

ಮೂರು ದಿನ ಅಲ್ಲೇ ಇದ್ದೆ. ಅವ್ವ ನಾನು ಕೂತ ಜಾಗ ಬಿಟ್ಟು ಸುತ್ತಲೂ ಕಸ ಗುಡಿಸಿದಳು. ಒಬ್ಬಳಿಗಾಗುವಷ್ಟೇ ಮುದ್ದೆ ಕಟ್ಟಿದಳು. ನಾನು ಅಂಗಡಿಯ ಬನ್ನು ತಿಂದೆ. ನಾನು ಹಾಕಿದ ದೀಪವನ್ನು ಅವಳು ಆರಿಸಿ, ಸ್ವಿಚ್ಚನ್ನು ಸ್ವಲ್ಪ ಹೊತ್ತು ನೋಡುತ್ತ ನಿಲ್ಲುತ್ತಿದ್ದಳು. ಎಷ್ಟು ದಿನ ಮಾಡುತ್ತೀಯೋ ಮಾಡು, ನಾನೇ ಕಲಿಸಿದ ನಾಟಕ ತಾನೇ, ಎಲ್ಲಿ ಬಿರುಕು ಬಿಡುತ್ತದೆ ಎಂದು ನನಗೆ ಗೊತ್ತು ಎಂದು ಹಟ ಹಿಡಿದಿದ್ದೆ.

ಅಮಾವಾಸ್ಯೆಯ ಮಧ್ಯಾಹ್ನ ಅವ್ವ ಎಡೆ ಇಟ್ಟಳು. ನಮ್ಮ ಕಡೆ ಸತ್ತವರಿಗೆ ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದೆ ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತಾರೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆಂದು ನಂಬಿಕೆ. ನಾನು ನಡುಮನೆಯ ಮೂಲೆಯಲ್ಲಿ ಕೂತಿದ್ದೆ. ಅವ್ವ ಒಳಗೆ ಬಂದು ಎರಡು ಎಲೆ ಹಾಸಿದಳು. ಅಪ್ಪನದಕ್ಕೆ ಬೀಡಿ ಕಟ್ಟು, ಕೋಳಿ ಸಾರು. ಇನ್ನೊಂದು ನನ್ನದು. ಅಂಚು ಕರಿಕಾಗಿಸಿದ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಜ್ಜಾಯ, ಒಂದು ಹಿಡಿ ಮಿಕ್ಸ್‌ಚರ್. ಮಿಕ್ಸ್‌ಚರಿನಲ್ಲಿ ಕಡಲೆಬೀಜ ನನಗಾಗದು. ಒಂದೊಂದನ್ನೇ ಆರಿಸಿ ತೆಗೆದಿದ್ದಳು.

ದೀಪ ಹಚ್ಚಿ, ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. "ಬಂದು ಉಂಡೋಗ್ರವ್ವ" ಎಂಬ ದನಿ ಕೇಳಿಸಿತು.

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಎಲಾ ಅವ್ವ! 'ಮನೆ'ಯ ಕಟ್ಟುಪಾಡೂ ಮುರಿಯದ ಹಾಗೆ ಮಗಳ ಹೊಟ್ಟೆಗೂ ಹಾಕುವ ದಾರಿ ಹುಡುಕಿದ್ದಾಳೆ ಅಂದುಕೊಂಡೆ. ಎಲೆಯ ಮುಂದೆ ಕೂತು ಗಬಗಬನೆ ತಿಂದೆ. ಚಟ್ನಿಯನ್ನು ಬೆರಳಿನಿಂದ ಬಳಿದು ನೆಕ್ಕಿದೆ. ಸತ್ತವರ ಎಡೆಗೆ ಬದುಕಿದ್ದವರು ಮೊದಲು ಕೈ ಹಾಕಬಾರದೆಂದು ಚಿಕ್ಕ ಮಕ್ಕಳಿಗೂ ಗೊತ್ತು. ನನಗೆ ಆ ಹೊತ್ತಿಗೆ ಅದು ಸತ್ತವರ ಎಲೆಯೆಂದು ಅನ್ನಿಸಲೇ ಇಲ್ಲ.

ಹೊರಗಿನಿಂದ ಮೂರು ಸಲ ಕೆಮ್ಮಿ ಅವ್ವ ಬಾಗಿಲು ತೆರೆದಳು. ಅಜ್ಜಿ ಹೊಸ್ತಿಲಾಚೆ ನಿಂತಿದ್ದಳು. ಅವ್ವ ನನ್ನ ಬರಿದಾದ ಎಲೆ ನೋಡಿ ಅಲ್ಲೇ ಕುಸಿದು ಕೂತಳು. ಫೋಟೋಗೆ ಕೈ ಮುಗಿದು ಅಜ್ಜಿಯ ಕಡೆ ತಿರುಗಿದಳು.

"ಉಂಡವ್ಳೆ ಕಣತ್ತೆ! ಪೂರಾ ಉಂಡವ್ಳೆ! ಮೂರ್ ದಿನದಿಂದ ಮನೇಲಿ ಓಡಾಡ್ದಂಗೆ ಸದ್ದಾಗದು. ದೀಪ ತಾನಾಗೇ ಅತ್ಕೊಳದು. ಅಸ್ಕೊಂಡು ಅಲೀತಾವ್ಳೆ ಅನ್ಕಂಡು ನಂಗೆ ನಿದ್ದೆನೇ ಇಲ್ಲ. ಇನ್ನು ತಣ್ಗೆ ಓಯ್ತಾಳೆ ಬುಡಿ."

ಅಜ್ಜಿ ನನ್ನ ಕಡೆ ನೋಡಿ, ಅವ್ವನ ಕಡೆ ನೋಡಿ, ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅವ್ವ ನಟಿಸುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಆ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ಅವಳ ಭುಜ ಹಿಡಿದು ಅಲುಗಿಸಿ, ನಾನು ಬದುಕಿದ್ದೀನಿ ಕಣವ್ವ ಎಂದು ಕೂಗಬೇಕೆಂದು ಎದ್ದೆ. ಕೂಗಿದರೆ ಅವಳಿಗೆ ಕೇಳಿಸುವುದು ಮಗಳಲ್ಲ, ಉಂಡರೂ ಹೋಗದ ದೆವ್ವ.

ಬ್ಯಾಗು ತೆಗೆದುಕೊಂಡು ಅಜ್ಜಿಯ ಪಕ್ಕದಿಂದ ಹೊಸ್ತಿಲು ದಾಟಿದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ನೀರು ಸುರಿದ ಸದ್ದಾಯಿತು. ತಿರುಗಿ ನೋಡಿದೆ. ಹೆಣ ಎತ್ತಿದ ಮೇಲೆ ಮನೆ ತೊಳೆಯುವ ಹಾಗೆ ಅವ್ವ ಬಗ್ಗಿ, ಹೊಸ್ತಿಲನ್ನು ಪೊರಕೆಯಿಂದ ಉಜ್ಜಿ ತೊಳೆಯುತ್ತಿದ್ದಳು.